ನಿವೃತ್ತರ ಎರಡನೆಯ ಆರೋಗ್ಯ ವಿಮೆ: ಮೊದಲನೆಯದು ಎಲ್ಲಿ ನಿಲ್ಲುತ್ತದೆ?

(ಬಳ್ಳಾರಿಯಲ್ಲಿ ನಿವೃತ್ತ ನೌಕರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಸೋದರ ಸೋದರಿಯರೇ,

ನಿವೃತ್ತಿಯ ನಂತರ ಹೆಚ್ಚುವರಿ ಆರೋಗ್ಯ ವಿಮೆ ಬೇಕೇ, ಬೇಕಾದರೆ ಎಂಥದ್ದು ಬೇಕು ಎಂಬುದನ್ನು ವಿವರಿಸಲು ನನ್ನನ್ನು ಕರೆದಿದ್ದೀರಿ. ವಿಮಾ ಕ್ಷೇತ್ರದ ಕ್ಲೇಮ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಪಾಲಿಸಿ ಮಾರುವಾಗ ಹೇಳುವ ಮಾತಿಗಿಂತ ಆಸ್ಪತ್ರೆಯ ಬಿಲ್ ಬಂದಾಗ ಕೈಗೆ ಎಷ್ಟು ಹಣ ಸಿಗುತ್ತದೆ ಎಂಬುದನ್ನೇ ನೋಡುತ್ತಾ ಬಂದಿದ್ದೇನೆ. ಯಾವ ಕಂಪನಿಯ ಪಾಲಿಸಿ ಒಳ್ಳೆಯದು ಎಂದು ನಾನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ನಿಮ್ಮಲ್ಲಿ ಈಗಾಗಲೇ ಏನಿದೆ ಎಂಬುದು ತಿಳಿಯದೆ ಆ ಪ್ರಶ್ನೆಗೆ ಯಾರೂ ಪ್ರಾಮಾಣಿಕವಾಗಿ ಉತ್ತರ ಕೊಡಲಾರರು. ನನ್ನ ಮಾತು ಇಷ್ಟೇ: ಮೊದಲ ರಕ್ಷಣೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡ ಮೇಲೆಯೇ ಎರಡನೆಯದನ್ನು ಕೊಳ್ಳಬೇಕು.

ಈ ಸಭಾಂಗಣದಲ್ಲಿ ಕುಳಿತವರ ಮೊದಲ ರಕ್ಷಣೆಯೂ ಒಂದೇ ರೀತಿಯದಲ್ಲ. ಬಳ್ಳಾರಿಯು ಗ್ರಾಮೀಣ ಬ್ಯಾಂಕಿನ ಊರು. 2025ರ ಮೇ 1ರಂದು ಎರಡು ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದಾಗಲೂ ಪ್ರಧಾನ ಕಚೇರಿ ಇಲ್ಲಿಯೇ ಉಳಿಯಿತು. ದೋಣಿಮಲೈ ಗಣಿ, ಕುಡತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರಗಳು, ಹಟ್ಟಿ ಚಿನ್ನದ ಗಣಿ, ತೋರಣಗಲ್ಲಿನ ಕಾರ್ಖಾನೆ, ರೈಲ್ವೆ, ಶಾಲೆ, ಕಂದಾಯ ಇಲಾಖೆ, ಹೀಗೆ ಎಲ್ಲೆಲ್ಲೋ ದುಡಿದು ಬಂದವರು ನೀವು. ಒಬ್ಬರಿಗೆ ಹೊಂದಿದ ಪಾಲಿಸಿ ಪಕ್ಕದ ಮನೆಯವರಿಗೆ ಹೊಂದದಿರಲು ಇದೇ ಕಾರಣ.

ರೈಲ್ವೆಯಲ್ಲಿದ್ದು ನಿವೃತ್ತಿಯ ವೇಳೆ ವಂತಿಗೆ ಕಟ್ಟಿ ನಿವೃತ್ತರ ಆರೋಗ್ಯ ಯೋಜನೆಗೆ ಸೇರಿದವರಿಗೆ ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಯ ಬಾಗಿಲು ಜೀವನಪೂರ್ತಿ ತೆರೆದಿರುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ ಕೇಂದ್ರದ ಆರೋಗ್ಯ ಯೋಜನೆಯ ವ್ಯಾಪ್ತಿಯಿಲ್ಲದ ಊರುಗಳಲ್ಲಿ ಇರುವವರು ಹೊರರೋಗಿ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ವೈದ್ಯಕೀಯ ಭತ್ಯೆ ಪಡೆಯಬಹುದು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಖಾನೆಗಳಲ್ಲಿ ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಬಹುದು. ಈ ಕೊನೆಯ ಸೌಲಭ್ಯದ ಬಗ್ಗೆ ಕೇಳಿಯೇ ಇಲ್ಲದವರು ಬಹಳ ಮಂದಿ ಇದ್ದಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಇನ್ನು ರಾಜ್ಯ ಸರ್ಕಾರದ ನೌಕರರು: ಅವರ ಸರ್ಕಾರಿ ಆರೋಗ್ಯ ಯೋಜನೆಯು ಸೇವೆಯಲ್ಲಿರುವವರಿಗಾಗಿ ರೂಪುಗೊಂಡದ್ದು. ಮೂವತ್ತು ವರ್ಷ ಪಾಠ ಹೇಳಿದ ಶಿಕ್ಷಕರು ಕಾಯಿಲೆಗಳು ಹೆಚ್ಚುವ ವಯಸ್ಸಿನಲ್ಲಿಯೇ ಆ ಆಸರೆಯಿಂದ ಹೊರಗೆ ಬರುತ್ತಾರೆ. ಅವರಿಗೆ ಹೆಚ್ಚುವರಿ ವಿಮೆ ಎಂಬ ಮಾತೇ ಸಲ್ಲದು. ಅವರು ಕೊಳ್ಳಬೇಕಾದದ್ದು ಮೊದಲ ವಿಮೆಯನ್ನೇ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದೆಯಲ್ಲ, ಮತ್ತೇಕೆ ವಿಮೆ ಎಂದು ಕೇಳುವವರಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ಅದು ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನಿಜವಾದ ಆಸರೆ. ಆದರೆ ಪಿಂಚಣಿ ಬರುವ ನಮ್ಮಲ್ಲಿ ಬಹುತೇಕರದು ಎಪಿಎಲ್ ಕುಟುಂಬ. ನಮಗೆ ಸಿಗುವುದು ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದಕ್ಕೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದ ಶೇ. 70 ನಮ್ಮದೇ ಜೇಬಿನಿಂದ ಹೋಗಬೇಕು. ಎಪ್ಪತ್ತು ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ 5 ಲಕ್ಷದ ರಕ್ಷಣೆ ನೀಡುವ ವಯ ವಂದನಾ ಕಾರ್ಡಿಗೆ ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ಖಾಸಗಿ ವಿಮೆ ಇದ್ದವರೂ ಇದಕ್ಕೆ ಅರ್ಹರು. ಆದರೂ ಆ ಕಾರ್ಡನ್ನು ನಂಬಿ ಇದ್ದ ಪಾಲಿಸಿಯನ್ನು ಬಿಟ್ಟುಬಿಡುವ ಮೊದಲು, ನೀವು ನಿಜವಾಗಿ ಹೋಗುವ ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರ ಬಳಿ ಹೋಗಿ, ನಿಮ್ಮ ಕಾಯಿಲೆಗೆ ಅಲ್ಲಿ ಈ ಕಾರ್ಡ್ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಒಮ್ಮೆ ಬಿಟ್ಟ ಪಾಲಿಸಿಯನ್ನು ಎಪ್ಪತ್ತರ ನಂತರ ಅದೇ ಷರತ್ತುಗಳಲ್ಲಿ ಮರಳಿ ಪಡೆಯುವುದು ಬಹಳ ಕಷ್ಟ.

ಈಗ ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿಗೆ ಬರುತ್ತೇನೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ, ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಖಾಸಗಿ ಆಸ್ಪತ್ರೆಗಳೂ ಇವೆ. ಆದರೂ ದೊಡ್ಡ ಕಾಯಿಲೆ ಬಂದಾಗ ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ ಹೊರಡುತ್ತಾರೆ. ಹೃದಯದ ಚಿಕಿತ್ಸೆಗೆ ಕಲಬುರಗಿಯ ಜಯದೇವ ಆಸ್ಪತ್ರೆ ಇರುವುದು ಈ ಭಾಗಕ್ಕೆ ದೊಡ್ಡ ಧೈರ್ಯ. ರಾಯಚೂರಿಗೆ ಏಮ್ಸ್ ಬೇಕೆಂದು ಅಲ್ಲಿನ ಜನ ವರ್ಷಗಟ್ಟಲೆ ಧರಣಿ ಕುಳಿತದ್ದು ಸುಮ್ಮನೆ ಅಲ್ಲ. ಆ ಬೇಡಿಕೆಯ ಹಿಂದೆ ಹೈದರಾಬಾದಿನ ದಾರಿ ಹಿಡಿದ ಸಾವಿರಾರು ಕುಟುಂಬಗಳ ಅನುಭವವಿದೆ.

ವಿಮೆಗೂ ಇದಕ್ಕೂ ನೇರ ಸಂಬಂಧವಿದೆ. ಅನೇಕ ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿಕೊಂಡು, ಮಹಾನಗರಗಳ ವಿಳಾಸಕ್ಕೆ ಹೆಚ್ಚಿನ ಪ್ರೀಮಿಯಂ, ನಮ್ಮಂಥ ಊರುಗಳ ವಿಳಾಸಕ್ಕೆ ಕಡಿಮೆ ಪ್ರೀಮಿಯಂ ನಿಗದಿ ಮಾಡುತ್ತವೆ. ಪ್ರೀಮಿಯಂ ಕಡಿಮೆ ಎಂದು ನಾವು ಸಂತೋಷಪಡುತ್ತೇವೆ. ಆದರೆ ಅಂಥ ಕೆಲವು ಪಾಲಿಸಿಗಳ ಒಳಪುಟಗಳಲ್ಲಿ, ಕಡಿಮೆ ವಲಯದ ಪ್ರೀಮಿಯಂ ಕಟ್ಟಿದವರು ಹೆಚ್ಚಿನ ವಲಯದ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ತಾವೇ ಭರಿಸಬೇಕು ಎಂಬ ಷರತ್ತು ಇರುತ್ತದೆ. ಆ ಪಾಲು ಶೇ. 20 ಎಂದಿಟ್ಟುಕೊಳ್ಳಿ. ಹೈದರಾಬಾದಿನಲ್ಲಿ 6 ಲಕ್ಷದ ಬಿಲ್ ಆದರೆ 1 ಲಕ್ಷ 20 ಸಾವಿರ ರೂಪಾಯಿ ನಿಮ್ಮ ಮೇಲೆ ಬೀಳುತ್ತದೆ. ಅರವತ್ತರ ನಂತರ ಸೇರಿದವರಿಗೆ ವಯಸ್ಸಿನ ಕಾರಣಕ್ಕೆ ಇನ್ನೊಂದು ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವೇ ಭರಿಸಬೇಕಾದ ಪಾಲು, ಇದ್ದರೆ ಹೊರೆ ಮತ್ತಷ್ಟು ಏರುತ್ತದೆ. ಆದ್ದರಿಂದ ಪಾಲಿಸಿ ಕೊಳ್ಳುವಾಗ ಏಜೆಂಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಪ್ರೀಮಿಯಂ ಎಷ್ಟು ಎಂಬುದಲ್ಲ; ನನ್ನ ವಿಳಾಸ ರಾಯಚೂರು, ನಾನು ಹೈದರಾಬಾದಿನಲ್ಲಿ ದಾಖಲಾದರೆ ಎಷ್ಟು ಕಡಿತವಾಗುತ್ತದೆ ಎಂಬುದು. ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಪಾಲಿಸಿಯ ಯಾವ ಪುಟದಲ್ಲಿದೆ ಎಂದು ತೋರಿಸಲು ಹೇಳಿ. ಹೆಚ್ಚಿನ ವಲಯದ ಪ್ರೀಮಿಯಂ ಕಟ್ಟಿ ಈ ಷರತ್ತನ್ನು ತೆಗೆಸಿಕೊಳ್ಳುವ ಅವಕಾಶ ಇದ್ದರೆ, ನಮ್ಮ ಭಾಗದವರು ಅದನ್ನು ತೆಗೆದುಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರಿದೆ ಎಂಬುದರಿಂದ ಸಮಾಧಾನಪಡುವುದಿಲ್ಲ. ತನ್ನ ಹೊಲದ ತೂಬಿಗೆ ಎಷ್ಟು ಬರುತ್ತದೆ ಎಂದು ನೋಡುತ್ತಾನೆ. ವಿಮಾ ಮೊತ್ತವನ್ನೂ ನಾವು ಹಾಗೆಯೇ ನೋಡಬೇಕು. ದಾರಿಯಲ್ಲಿ ಹಣ ಸೋರಿಹೋಗುವ ಅತಿ ದೊಡ್ಡ ಜಾಗ ಎಂದರೆ ಕೊಠಡಿ ಬಾಡಿಗೆಯ ಮಿತಿ. ನಿಮ್ಮ ಪಾಲಿಸಿ 3 ಲಕ್ಷದ್ದು, ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 3000 ರೂಪಾಯಿ ಮಿತಿ ಎಂದುಕೊಳ್ಳೋಣ. ದಾಖಲಾಗುವಾಗ ಮಕ್ಕಳು ಅಪ್ಪನಿಗೆ ಅನುಕೂಲವಾಗಲಿ ಎಂದು 6000 ರೂಪಾಯಿಯ ಕೊಠಡಿ ಪಡೆದರು. ಐದು ದಿನದ ಬಾಡಿಗೆ 30 ಸಾವಿರ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಎಲ್ಲ ಸೇರಿ 1 ಲಕ್ಷ 20 ಸಾವಿರ. ಔಷಧಿ, ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನ 90 ಸಾವಿರ. ಒಟ್ಟು 2 ಲಕ್ಷ 40 ಸಾವಿರ. ಬಾಡಿಗೆಯಲ್ಲಿ 15 ಸಾವಿರ ಮಾತ್ರ ಕೈಯಿಂದ ಹೋಗುತ್ತದೆ ಎಂದು ಮನೆಯವರು ತಿಳಿದಿರುತ್ತಾರೆ. ಆದರೆ ಅರ್ಹತೆಗಿಂತ ದುಪ್ಪಟ್ಟು ಬಾಡಿಗೆಯ ಕೊಠಡಿ ಹಿಡಿದ ಕಾರಣ ವೈದ್ಯರ ಶುಲ್ಕ ಮೊದಲಾದವುಗಳೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಔಷಧಿ, ಪರೀಕ್ಷೆ ಮತ್ತು ಸಾಧನಗಳಿಗೆ ಈ ಕಡಿತವನ್ನು ಹಾಕುವಂತಿಲ್ಲ ಎಂಬ ನಿಯಮ ಇರುವುದರಿಂದ ಆ 90 ಸಾವಿರ ಪೂರ್ತಿ ಉಳಿಯುತ್ತದೆ. ಕೊನೆಗೆ ಕಂಪನಿಯಿಂದ ಬರುವುದು 1 ಲಕ್ಷ 65 ಸಾವಿರ. ಕೌಂಟರಿನ ಮುಂದೆ ನಿಂತ ಮಗ ಕಟ್ಟಬೇಕಾದದ್ದು 75 ಸಾವಿರ. ಪಾಲಿಸಿಯಲ್ಲಿ ಇನ್ನೂ ಹಣ ಇದ್ದರೂ ಹೀಗಾಗುತ್ತದೆ. ಹೊಸ ಪಾಲಿಸಿಯಲ್ಲಿ ಬಾಡಿಗೆ ಮಿತಿ ಇಲ್ಲದ್ದನ್ನು ಆರಿಸಿ. ಹಳೆಯದರಲ್ಲಿ ಮಿತಿ ಇದ್ದರೆ ಆ ಮೊತ್ತವನ್ನು ಮನೆಮಂದಿಗೆಲ್ಲ ಮೊದಲೇ ತಿಳಿಸಿಡಿ.

ಮೊದಲ ರಕ್ಷಣೆ ಇದ್ದವರಿಗೆ, ಉದಾಹರಣೆಗೆ ಗುಂಪು ವಿಮೆ ಇರುವ ಬ್ಯಾಂಕ್ ನಿವೃತ್ತರಿಗೆ, ಅದರ ಮೇಲೆ ಹೊಂದಿಸಿಕೊಳ್ಳಲು ಸೂಪರ್ ಟಾಪ್-ಅಪ್ ಪಾಲಿಸಿಯೇ ತಕ್ಕದ್ದು. ಬರೀ ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ನಡುವಿನ ವ್ಯತ್ಯಾಸವನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಿಮ್ಮ ಗುಂಪು ವಿಮೆ 4 ಲಕ್ಷದ್ದು. ಅದರ ಮೇಲೆ 4 ಲಕ್ಷ ಡಿಡಕ್ಟಿಬಲ್ ಇರುವ, ಅಂದರೆ ಖರ್ಚು 4 ಲಕ್ಷ ದಾಟಿದ ಮೇಲಷ್ಟೇ ಹಣ ಕೊಡುವ, 10 ಲಕ್ಷದ ಎರಡನೆಯ ಪಾಲಿಸಿ ಕೊಂಡಿದ್ದೀರಿ. ಆ ವರ್ಷ ಮೊದಲು 3 ಲಕ್ಷದ, ಆಮೇಲೆ ಮೂರೂವರೆ ಲಕ್ಷದ ಆಸ್ಪತ್ರೆ ಖರ್ಚು ಬಂತು. ಗುಂಪು ವಿಮೆ ಮೊದಲ ಬಿಲ್ಲನ್ನು ಪೂರ್ತಿ, ಎರಡನೆಯದರಲ್ಲಿ 1 ಲಕ್ಷವನ್ನು ಕೊಟ್ಟು ಮುಗಿಯುತ್ತದೆ. ಬಾಕಿ ಎರಡೂವರೆ ಲಕ್ಷ. ಬರೀ ಟಾಪ್-ಅಪ್ ಆಗಿದ್ದರೆ ಪ್ರತಿ ಬಿಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಯಾವುದೂ ಒಂಟಿಯಾಗಿ 4 ಲಕ್ಷ ದಾಟದ ಕಾರಣ ಒಂದು ರೂಪಾಯಿಯೂ ಬರುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಎಲ್ಲ ಬಿಲ್ಲುಗಳನ್ನು ಕೂಡಿಸಿ ನೋಡುವುದರಿಂದ ಆ ಎರಡೂವರೆ ಲಕ್ಷವನ್ನು ಕೊಡುತ್ತದೆ. ಮೇಲಿಂದ ಮೇಲೆ ಆಸ್ಪತ್ರೆಗೆ ಸೇರಬೇಕಾಗುವ ವಯಸ್ಸು ನಮ್ಮದು. ಬೆಲೆಯಲ್ಲಿ ಸ್ವಲ್ಪ ಅಂತರವಿದ್ದರೂ ನಮಗೆ ಬೇಕಾದದ್ದು ಸೂಪರ್ ಟಾಪ್-ಅಪ್ ಪಾಲಿಸಿಯೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಡಿಡಕ್ಟಿಬಲ್ ದಾಟಿತೇ ಇಲ್ಲವೇ ಎಂಬ ಲೆಕ್ಕವನ್ನು ಸೂಪರ್ ಟಾಪ್-ಅಪ್ ಕಂಪನಿಯು ತನ್ನದೇ ಷರತ್ತುಗಳಂತೆ ಒಪ್ಪುವ ಖರ್ಚಿನ ಮೇಲೆ ಮಾಡುತ್ತದೆ, ನೀವು ಕಟ್ಟಿದ ಒಟ್ಟು ಬಿಲ್ಲಿನ ಮೇಲೆ ಮಾಡುವುದಿಲ್ಲ. ಕೈಗವಸು, ಸಿರಿಂಜ್ ಮುಂತಾದವನ್ನು ಅದು ಒಪ್ಪದಿದ್ದರೆ ಆ ಮೊತ್ತ ಲೆಕ್ಕಕ್ಕೇ ಸೇರುವುದಿಲ್ಲ. ಮೊದಲ ಕಂಪನಿ ಮೂಲ ಬಿಲ್ಲುಗಳನ್ನು ಇಟ್ಟುಕೊಳ್ಳುವುದರಿಂದ, ಎರಡನೆಯ ಕಂಪನಿಗೆ ಸಲ್ಲಿಸಲು ಬಿಲ್ಲುಗಳ ದೃಢೀಕೃತ ಪ್ರತಿಗಳನ್ನೂ ಮೊದಲ ಕಂಪನಿ ಎಷ್ಟು ಕೊಟ್ಟಿತು ಎಂಬ ಇತ್ಯರ್ಥ ಪತ್ರವನ್ನೂ ಕೇಳಿ ಪಡೆದಿಡಬೇಕು. ಮೊದಲ ವಿಮೆಯಲ್ಲಿಯೇ ಮುಗಿಯುವಂತಿದ್ದರೂ ದಾಖಲಾದ ಸುದ್ದಿಯನ್ನು ಎರಡನೆಯ ಕಂಪನಿಗೂ ತಿಳಿಸಿಬಿಡಿ.

ಹಣ ನಿರಾಕರಣೆಯಾಗುವ ಪ್ರಕರಣಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದವು ಹಳೆಯ ಕಾಯಿಲೆಯನ್ನು ಮುಚ್ಚಿಟ್ಟವು. ಪಾಲಿಸಿಗಾಗಿ ತುಂಬುವ ಪ್ರೊಪೋಸಲ್ ಫಾರ್ಮಿನಲ್ಲಿ ಬಿಪಿ ಇದೆಯೇ, ಶುಗರ್ ಇದೆಯೇ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂಬ ಸಾಲುಗಳಿರುತ್ತವೆ. ಪಾಲಿಸಿ ಬೇಗ ಸಿಗಲಿ ಎಂದು ಯಾರೋ ಎಲ್ಲದಕ್ಕೂ ಇಲ್ಲ ಎಂದು ಗುರುತು ಹಾಕುತ್ತಾರೆ, ನಾವು ಓದದೆ ಸಹಿ ಮಾಡುತ್ತೇವೆ. ಎರಡು ವರ್ಷದ ನಂತರ ಎದೆನೋವು ಬಂದು ದಾಖಲಾದಾಗ ಕರ್ತವ್ಯದ ವೈದ್ಯರು ಪಕ್ಕದಲ್ಲಿದ್ದವರನ್ನು ಶುಗರ್ ಎಷ್ಟು ವರ್ಷದಿಂದ ಇದೆ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಅಳಿಯನೋ ಮಗನೋ, ಹತ್ತು ವರ್ಷ ಆಗಿರಬಹುದು ಎಂದು ಅಂದಾಜಿನಲ್ಲಿ ಹೇಳಿಬಿಡುತ್ತಾರೆ. ಕೇಸ್ ಶೀಟಿನಲ್ಲಿ ಹತ್ತು ವರ್ಷ ಎಂದೇ ದಾಖಲಾಗುತ್ತದೆ, ಡಿಸ್‌ಚಾರ್ಜ್ ಸಾರಾಂಶಕ್ಕೂ ಅದೇ ಇಳಿಯುತ್ತದೆ, ಕ್ಲೇಮ್ ನೋಡುವವರ ಕಣ್ಣು ಮೊದಲು ಬೀಳುವುದು ಆ ಸಾಲಿನ ಮೇಲೆಯೇ. ನಿಜವಾಗಿ ಕಾಯಿಲೆ ಗೊತ್ತಾದದ್ದು ಪಾಲಿಸಿ ಕೊಂಡ ಮೇಲೆ ಆಗಿದ್ದರೂ ಅದನ್ನು ಸಾಬೀತು ಮಾಡುವ ಹೊರೆ ಆಗ ನಿಮ್ಮ ಹೆಗಲೇರುತ್ತದೆ. ಇದ್ದದ್ದನ್ನು ಇದ್ದಂತೆ ಬರೆಯಿಸಿ. ಮೊದಲ ಬಾರಿ ಶುಗರ್ ಪತ್ತೆಯಾದ ಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ. ಮನೆಯವರಿಗೆ ವರ್ಷವನ್ನು ಸರಿಯಾಗಿ ತಿಳಿಸಿಡಿ.

ನಿಜ ಹೇಳಿದವರಿಗೆ ಕಾನೂನಿನ ಬೆಂಬಲ ಈಗ ಮೊದಲಿಗಿಂತ ಹೆಚ್ಚಿದೆ. 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗಳ ಕಾಯುವ ಅವಧಿ, ಅಂದರೆ ಅವುಗಳ ಚಿಕಿತ್ಸೆಗೆ ವಿಮೆಯ ಹಣ ಸಿಗುವ ಮೊದಲು ಕಾಯಬೇಕಾದ ಕಾಲ, 48 ತಿಂಗಳಿಂದ ಗರಿಷ್ಠ 36 ತಿಂಗಳಿಗೆ ಇಳಿದಿದೆ. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಮೊದಲು ಇದು ಎಂಟು ವರ್ಷವಾಗಿತ್ತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಬಹಳಷ್ಟು ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮಂಡಿನೋವು ತಡೆಯಲಾರದಾದಾಗ ವಿಮೆ ಹುಡುಕಿದರೆ ತಡವಾಗಿರುತ್ತದೆ. ಇನ್ನೂ ಸೇವೆಯಲ್ಲಿರುವ ಕಿರಿಯರು ಯಾರಾದರೂ ಇಲ್ಲಿದ್ದರೆ ಅವರಿಗೆ ನನ್ನ ಒತ್ತಾಯ: ನಿವೃತ್ತಿಗೆ ನಾಲ್ಕು ವರ್ಷ ಇರುವಾಗಲೇ ಸ್ವಂತ ಪಾಲಿಸಿ ಆರಂಭಿಸಿ. ಅದು ಆಗದಿದ್ದರೆ, ಗುಂಪು ವಿಮೆಯಿಂದ ಹೊರಬರುವ ಮೊದಲು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವನ್ನು ಕೇಳಿ ಪಡೆಯಿರಿ. ಕಾಯುವ ಅವಧಿಯಲ್ಲಿ ನೀವು ಈಗಾಗಲೇ ಕಳೆದ ಕಾಲಕ್ಕೆ ಬೆಲೆ ಸಿಗುತ್ತದೆ.

ಪ್ರೀಮಿಯಂ ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿ ತೆಗೆದುಹಾಕಲಾಗಿದೆ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು ಎಂಬ ನಿರ್ದೇಶನ 2025ರ ಜನವರಿಯಲ್ಲಿ ಬಂದಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಹಿರಿಯ ನಾಗರಿಕರ ವಿಮೆಗೆ 50 ಸಾವಿರದವರೆಗೆ ವಿನಾಯಿತಿಯೂ ಉಂಟು. ಇಷ್ಟಾದರೂ ಪಿಂಚಣಿಯಲ್ಲಿ ಪ್ರೀಮಿಯಂ ಭಾರವೇ. ಭಾರವೆನಿಸಿದರೆ ಡಿಡಕ್ಟಿಬಲ್ ಹೆಚ್ಚಿರುವುದನ್ನು ಆರಿಸಿಕೊಂಡು ಪ್ರೀಮಿಯಂ ಇಳಿಸಿಕೊಳ್ಳಿ, ಆ ಡಿಡಕ್ಟಿಬಲ್‌ನಷ್ಟು ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ; ಆದರೆ ನವೀಕರಣ ತಪ್ಪಿಸಬೇಡಿ. ವಾರ್ಷಿಕ ಪಾಲಿಸಿಗೆ 30 ದಿನಗಳ ಹೆಚ್ಚುವರಿ ಕಾಲಾವಕಾಶ ಇದ್ದರೂ ಆ ದಿನಗಳಲ್ಲಿ ಬಂದ ಕಾಯಿಲೆಗೆ ರಕ್ಷಣೆ ಸಿಗದೇ ಹೋಗಬಹುದು. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಹಕ್ಕು ನಿಮಗಿದೆ ಎಂಬುದೂ ನೆನಪಿರಲಿ.

ದಿನಕ್ಕಿಷ್ಟು ಎಂದು ಆಸ್ಪತ್ರೆ ಭತ್ಯೆ ಕೊಡುವ ಪಾಲಿಸಿಗಳನ್ನೂ ಗಂಭೀರ ಕಾಯಿಲೆಗೆ ಒಮ್ಮೆಗೇ ಹಣ ಕೊಡುವ ಪಾಲಿಸಿಗಳನ್ನೂ ನಿಮಗೆ ತೋರಿಸುತ್ತಾರೆ. ಆಸ್ಪತ್ರೆಯ ಬಿಲ್ಲಿಗೇ ಸರಿಯಾದ ರಕ್ಷಣೆ ಇಲ್ಲದಿರುವಾಗ ಇವುಗಳಿಗೆ ಹಣ ಹಾಕಬೇಡಿ.

ಒಂದು ಮಾತನ್ನು ಹೆಣ್ಣುಮಕ್ಕಳ ಪರವಾಗಿ ಹೇಳಬೇಕಿದೆ. ನಮ್ಮ ಮನೆಗಳಲ್ಲಿ ವಿಮೆಯ ಕಾಗದಗಳೆಲ್ಲ ಗಂಡಸರ ಬೀರುವಿನಲ್ಲಿರುತ್ತವೆ. ಗುಂಪು ವಿಮೆಯ ಸದಸ್ಯ ತೀರಿಕೊಂಡರೆ ಪತ್ನಿಗೆ ರಕ್ಷಣೆ ಮುಂದುವರಿಯುತ್ತದೆಯೇ, ಮುಂದುವರಿಯಲು ಯಾರಿಗೆ, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು, ಕುಟುಂಬ ಪಿಂಚಣಿಯಿಂದ ಪ್ರೀಮಿಯಂ ಕಡಿತವಾಗುತ್ತದೆಯೇ ಎಂಬುದನ್ನು ಈ ವಾರವೇ ನಿಮ್ಮ ಹಳೆಯ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಗಂಡನ ದಿನಕಾರ್ಯ ಮುಗಿಯುವ ಹೊತ್ತಿಗೆ ಅರ್ಜಿಯ ಗಡುವು ದಾಟಿಹೋದರೆ ಆ ತಾಯಿ ತನ್ನ ಅರವತ್ತೈದರಲ್ಲಿ ಹಳೆಯ ಕಾಯಿಲೆಗಳಿಗೆ ಹೊಸದಾಗಿ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಡಿಡಕ್ಟಿಬಲ್‌ಗಾಗಿ ಇಟ್ಟ ಠೇವಣಿಯೂ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ ಇರಲಿ.

ತಕರಾರು ಬಂದರೆ ಹೆದರಬೇಡಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ; 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ, ಇಂಥ ತಕರಾರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮಗನ ಕಂಪನಿಯ ವಿಮೆಯಲ್ಲಿ ತಮ್ಮ ಹೆಸರಿದೆ, ಸಾಲದೇ ಎಂದು ಸಿರುಗುಪ್ಪದಿಂದ ಬಂದ ಹಿರಿಯರೊಬ್ಬರು ಕೇಳಿದರು. ಮಗ ಆ ಕೆಲಸದಲ್ಲಿ ಇರುವವರೆಗೆ ಮಾತ್ರ ಅದು ನಿಮ್ಮದು. ಅವನು ಕೆಲಸ ಬದಲಿಸಿದರೆ ಅಥವಾ ಕಂಪನಿಯೇ ತಂದೆತಾಯಿಯನ್ನು ಕೈಬಿಟ್ಟರೆ ಮುಗಿಯಿತು. ಅದನ್ನು ಬಿಡಬೇಡಿ, ಅದರ ಮೊತ್ತಕ್ಕೆ ಹೊಂದುವ ಡಿಡಕ್ಟಿಬಲ್ ಇಟ್ಟು ನಿಮ್ಮ ಹೆಸರಿನಲ್ಲಿ ಒಂದು ಸೂಪರ್ ಟಾಪ್-ಅಪ್ ಮಾಡಿಸಿ ಎಂದೆ.

ತಮಗೆ 72, ಶುಗರ್ ಇದೆ, ಈಗ ಯಾರಾದರೂ ಹೊಸ ಪಾಲಿಸಿ ಕೊಡುತ್ತಾರೆಯೇ ಎಂದು ನಿವೃತ್ತ ಮುಖ್ಯ ಶಿಕ್ಷಕಿಯೊಬ್ಬರು ಕೇಳಿದರು. 65ರ ನಂತರ ಹೊಸ ಪಾಲಿಸಿ ಇಲ್ಲವೆನ್ನುವ ಹಿಂದಿನ ಮಿತಿ 2024ರಿಂದ ಇಲ್ಲ. ಕಂಪನಿ ವೈದ್ಯಕೀಯ ಪರೀಕ್ಷೆ ಕೇಳಬಹುದು, ಪ್ರೀಮಿಯಂ ಹೆಚ್ಚಿಸಬಹುದು, ನಿರಾಕರಿಸಲೂಬಹುದು. ಒಂದು ಕಂಪನಿ ಒಪ್ಪದಿದ್ದರೆ ಹಿರಿಯ ನಾಗರಿಕರಿಗೆಂದೇ ಪಾಲಿಸಿ ಇರುವ ಮತ್ತೊಂದನ್ನು ಕೇಳಬೇಕು. ಶುಗರ್‌ಗೆ ಸಂಬಂಧಿಸಿದ ಚಿಕಿತ್ಸೆಗೆ ಗರಿಷ್ಠ ಮೂರು ವರ್ಷ ಕಾಯಬೇಕಾದರೂ, ಬಿದ್ದು ಸೊಂಟದ ಮೂಳೆ ಮುರಿದರೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ, ಡೆಂಗಿಯಂಥ ಜ್ವರಕ್ಕೆ ಮೂವತ್ತು ದಿನ ಕಳೆದ ಮೇಲೆ ಸಿಗುತ್ತದೆ. ಅವರು ಎಪ್ಪತ್ತು ದಾಟಿರುವುದರಿಂದ ವಯ ವಂದನಾ ಕಾರ್ಡಿನ ಬಗ್ಗೆಯೂ ವಿಚಾರಿಸಲಿ, ಫಾರ್ಮಿನಲ್ಲಿ ಶುಗರ್ ಎಂಬುದನ್ನು ತಾವೇ ಸ್ವತಃ ತುಂಬಿ ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಲಿ ಎಂದು ಹೇಳಿದ್ದೇನೆ.